ಗಂಜಿ ಹಾಕಿದ ಖಣ

ಗುಳೇದಗುಡ್ಡ, ಫೆಬ್ರವರಿ 30, 2219

ತಾಮ್ರದ ಹಾಳೆಯ ಮೇಲೆ ಸಣ್ಣ ಸಣ್ಣ ಉಂಗುರಗಳನ್ನು ಕೊರೆದು, ಅವುಗಳಿಂದ ಮನುಷ್ಯರ ಮೈಯೊಳಗನ್ನು ನೋಡಲು ಸಾಧ್ಯವೇ ಎಂದು ಲೆಕ್ಕ ಹಾಕುತ್ತ ಕೂತಿರುವ ಹಿರಿಯರಿಗೆ, ಬನಶಂಕರಿ ಹಾಸಗಲ್ಲ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಇವಳಿಗೆ ತಲೆ ನೆಟ್ಟಗಿಲ್ಲ ಅಂದುಕೊಳ್ಳಬೇಡಿ. ನಿಮ್ಮ ಫೆಬ್ರವರಿಗೆ ಇಪ್ಪತ್ತೆಂಟೇ ದಿನ ಎಂಬುದು ನನಗೆ ಗೊತ್ತು. ನಮ್ಮ ಅಜ್ಜಿಯ ಕಾಲದಲ್ಲಿ ಜನವರಿಯಿಂದ ಒಂದು, ಮಾರ್ಚಿನಿಂದ ಒಂದು ದಿನ ಕಿತ್ತು ಆ ಬಡಪಾಯಿ ತಿಂಗಳಿಗೆ ಕೊಟ್ಟರಂತೆ. ನನ್ನ ಮಾತುಗಳೂ ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತು ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಈ ಪತ್ರಕ್ಕೆ ನಮ್ಮಲ್ಲಿ ತಪ್ಪೋಲೆ ಎನ್ನುತ್ತಾರೆ. ಒಬ್ಬರು ಮಾಡಿದ ವಸ್ತುವಿನಿಂದ ಒಂದು ಜೀವಕ್ಕೆ ಕೇಡಾದರೆ, ಅದನ್ನು ಮಾಡಿದವರು ನೇಕಾರರ ಕೂಟದ ಮುಂದೆ ಕೂತು ನಡೆದದ್ದನ್ನೆಲ್ಲ ಬರೆಯಬೇಕು. ಜೈಲಿಲ್ಲ, ದಂಡವಿಲ್ಲ, ಬರೆಯಬೇಕು ಅಷ್ಟೆ. ತನ್ನನ್ನು ತಾನು ಕಾಪಾಡಿಕೊಳ್ಳುವ ಒಂದು ವಾಕ್ಯ ನುಸುಳಿದರೂ ಕೂಟದವರು ಅದರ ಮೇಲೆ ಗೆರೆ ಎಳೆದು ವಾಪಸ್ ಕೊಡುತ್ತಾರೆ. ನನ್ನ ಪತ್ರ ಎರಡು ಸಲ ವಾಪಸ್ ಬಂದಿದೆ. ಮೊದಲನೆಯದರಲ್ಲಿ ಹನ್ನೊಂದು ಗೆರೆಗಳಿದ್ದವು. ಎರಡನೆಯದರಲ್ಲಿ ನಾಲ್ಕು. ಇದು ಮೂರನೆಯದು.

ನಮ್ಮ ಊರು ನಿಮ್ಮ ಕಾಲದಲ್ಲೂ ಖಣಕ್ಕೆ ಹೆಸರಾಗಿತ್ತು. ಕುಪ್ಪಸ ಹೊಲಿಸಿಕೊಳ್ಳುವ ಆ ಮೂರು ಗೇಣು ಅಗಲದ ಬಟ್ಟೆಯನ್ನು ನಾವು ಈಗಲೂ ನೇಯುತ್ತೇವೆ. ನೂಲಿನ ಜೊತೆ ಕೂದಲಿಗಿಂತ ತೆಳುವಾದ ತಾಮ್ರದ ಎಳೆಯೂ ಸೇರಿದೆ, ಅದೊಂದೇ ವ್ಯತ್ಯಾಸ. ಆ ತಾಮ್ರ ಬರುವುದು ನಿಮ್ಮಿಂದಲೇ. ನೀವು ಎಸೆದ ಫೋನು, ಟೀವಿ, ಚಾರ್ಜರುಗಳ ಗುಡ್ಡಗಳನ್ನು ಅಗೆದು, ಕರಗಿಸಿ, ಎಳೆ ತೆಗೆಯುತ್ತೇವೆ. ಆ ಎಳೆಯಿಂದ ಖಣದ ಒಡಲ ತುಂಬ ಸಾಸಿವೆಯಷ್ಟು ಚಿಕ್ಕ ಉಂಗುರಗಳನ್ನು ಮೂಡಿಸುತ್ತೇವೆ. ಪ್ರತಿ ಉಂಗುರಕ್ಕೂ ಒಂದು ಕಡೆ ಬಿರುಕು ಇರಬೇಕು. ನಾವು ಅದನ್ನು ಬಾಯಿಬಿಟ್ಟ ಬಳೆ ಎಂದು ಕರೆಯುತ್ತೇವೆ. ತಾಮ್ರಕ್ಕೆ ಹುಟ್ಟಿನಿಂದ ಇಲ್ಲದ ಗುಣ ಆ ಆಕಾರದಿಂದ, ಸಾಲು ಹಿಡಿದು ಕೂರುವ ರೀತಿಯಿಂದ ಬರುತ್ತದೆ. ನೀವು ಇದಕ್ಕೆ ಮೆಟಾಮೆಟೀರಿಯಲ್ ಎಂದಿರಿ, ನಮ್ಮ ಬಾಯಲ್ಲಿ ಅದು ಮೀರುನೇಯ್ಗೆ ಆಗಿದೆ. ನೀವು ಮಾಡುವ ಆಂಟೆನಾ ಮೇಜಿನ ಮೇಲೆ ಕೂರುತ್ತದೆ, ನಮ್ಮದು ಹೆಂಗಸರ ಮೈಮೇಲೆ ಕೂರುತ್ತದೆ.

ನಮಗೆ ಇದು ಬೇಕೇ ಬೇಕಾದದ್ದು ಬಿಸಿಲಿನಿಂದ. ಬೆಳಿಗ್ಗೆ ನಾಲ್ಕಕ್ಕೆ ಊರು ಏಳುತ್ತದೆ, ಹತ್ತೂವರೆಗೆ ಬಾಗಿಲು ಹಾಕಿಕೊಳ್ಳುತ್ತದೆ. ಅಲ್ಲಿಂದ ಸಂಜೆ ಐದರ ತನಕ ರಸ್ತೆಯಲ್ಲಿ ನಾಯಿಯೂ ಇರುವುದಿಲ್ಲ. ಆ ಹೊತ್ತಿಗೆ ಬಿಸಿಲುಸೆರೆ ಎಂದು ಹೆಸರು. ವರ್ಷದ ಏಳು ತಿಂಗಳು ಬಾಗಲಕೋಟೆಯ ದೊಡ್ಡ ಆಸ್ಪತ್ರೆಗೆ ಹೋಗಿ ಬರುವುದೆಂದರೆ ಒಂದು ಯಾತ್ರೆ. ಎದೆಯನ್ನು ಎರಡು ಹಲಗೆಗಳ ನಡುವೆ ಒತ್ತಿ ಚಿತ್ರ ತೆಗೆಯುವ ನಿಮ್ಮ ಯಂತ್ರಗಳು ನಮಗೆ ಅಜ್ಜಿ ಹೇಳುವ ಕತೆ. ಹಾಗಾಗಿ ತಿಂಗಳಿಗೊಮ್ಮೆ, ಮೊದಲ ಸೋಮವಾರ, ಬಿಸಿಲು ಏರುವ ಮುಂಚೆ ಓಣಿಯ ಹೆಂಗಸರು ಒಂದು ಮನೆಯಲ್ಲಿ ಸೇರುತ್ತಾರೆ. ಖಣದ ಕುಪ್ಪಸ ತೊಟ್ಟು, ಮಣೆಯ ಮೇಲೆ ಕೂತು, ಹಾಲು ಉಕ್ಕುವಷ್ಟು ಹೊತ್ತು ಅಲುಗಾಡದೆ ಇರುತ್ತಾರೆ. ನಿಮ್ಮ ಮೈಕ್ರೋವೇವ್ ಒಲೆಯಲ್ಲಿ ಅನ್ನ ಬಿಸಿ ಮಾಡುವ ಅಲೆಗಳ ಜಾತಿಯವೇ, ಆದರೆ ಅದರ ಸಾವಿರದಲ್ಲೊಂದು ಪಾಲು ಬಲವೂ ಇಲ್ಲದವು, ಉಂಗುರಗಳಿಂದ ಹೊರಟು ಮೈಯೊಳಗೆ ಹೋಗಿ ಬರುತ್ತವೆ. ಗಡ್ಡೆಯಲ್ಲಿ ನೀರಿನಂಶ ಹೆಚ್ಚು, ಅದರಿಂದ ಅಲೆ ಬೇರೆ ರೀತಿ ಮರಳುತ್ತದೆ. ಮರಳಿದ್ದನ್ನು ಓದಿ ಹೇಳಲು ಅಂಗೈ ಅಗಲದ ಒಂದು ಪಾಟಿ, ಸ್ಲೇಟಿನಂಥದ್ದು, ಇರುತ್ತದೆ. ಅದು ಎರಡೇ ಮಾತು ಬಲ್ಲದು. ಏನೂ ಇಲ್ಲದಿದ್ದರೆ "ನಿಚ್ಚಳ" ಎನ್ನುತ್ತದೆ. ಇದ್ದರೆ "ತೋರಿಸಿಕೊಳ್ಳಿ" ಎನ್ನುತ್ತದೆ. ಯಾರಿಗೂ ಭಯವಿಲ್ಲ, ಅಲುಗಾಡಬಾರದು ಎಂದ ಕೂಡಲೇ ಎಲ್ಲರಿಗೂ ನಗು ಬರುತ್ತದೆ, ನಕ್ಕವಳು ಮತ್ತೆ ಮೊದಲಿನಿಂದ ಕೂರಬೇಕು. ಆಮೇಲೆ ಅವಲಕ್ಕಿ, ಚಹಾ.

ನನ್ನ ತಂಗಿ ಕಾಶವ್ವ ಪ್ರತಿ ಸಲ ನಗುತ್ತಿದ್ದಳು. ಅವಳ ಗಂಡನ ಊರು ಕೆರೂರು, ನಮ್ಮಿಂದ ಅರ್ಧ ದಿನದ ದಾರಿ. ಅಲ್ಲಿನ ಊರ ಅಡಿಗೆಮನೆಯಲ್ಲಿ ಅವಳು ರೊಟ್ಟಿ ಬಡಿಯುತ್ತಿದ್ದಳು, ದಿನಕ್ಕೆ ಇನ್ನೂರು. ಅವಳ ಕೈಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕೊಪ್ಪರಿಗೆ ತುಂಬ ನಾದಿದ ಹಿಟ್ಟಿನಲ್ಲಿ ಒಂದು ಹರಳು ಇದ್ದರೆ ಕಾಶಿಯ ಬೆರಳಿಗೆ ಸಿಗುತ್ತಿತ್ತು. ಬೇರೆಯವರು ತಿಂದು ಹಲ್ಲಿಗೆ ಸಿಕ್ಕಿದಾಗ ಉಗುಳುತ್ತಿದ್ದರು, ಇವಳು ನಾದುವಾಗಲೇ ತೆಗೆದು ಎಸೆಯುತ್ತಿದ್ದಳು.

ಎರಡು ವರ್ಷದ ಹಿಂದಿನ ಯುಗಾದಿಗೆ ನಾನೊಂದು ಹೊಸ ವಿನ್ಯಾಸ ಮುಗಿಸಿದೆ. ಆರು ವರ್ಷದ ಕೆಲಸ. ಹಳೆಯ ಖಣಗಳು ಎರಡು ಬೆರಳಿನ ಆಳ ನೋಡುತ್ತಿದ್ದವು, ಇದು ನಾಲ್ಕು ಬೆರಳು ನೋಡುತ್ತಿತ್ತು. ಎಣ್ಣೆ, ಜಿಲೆಟಿನ್, ಉಪ್ಪುನೀರು ಬೆರೆಸಿ ಎದೆಯ ಆಕಾರಕ್ಕೆ ಹೊಯ್ದ ಗೊಂಬೆಗೆ ನಾವು ಹುಸಿಮೈ ಎನ್ನುತ್ತೇವೆ. ಅದರೊಳಗೆ ಎಳ್ಳುಕಾಳಿನಷ್ಟು ಗಂಟು ಹುದುಗಿಸಿಟ್ಟರೂ ನನ್ನ ಖಣ ಹಿಡಿಯುತ್ತಿತ್ತು. ನೂರ ಹತ್ತು ಸಲ ಇಟ್ಟೆ, ನೂರ ಹತ್ತು ಸಲವೂ ಹಿಡಿಯಿತು. ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ, ಸುಳ್ಳು ಯಾಕೆ ಹೇಳಲಿ.

ನಮ್ಮಲ್ಲಿ ಒಂದು ಪದ್ಧತಿಯಿದೆ. ಹೊಸ ವಿನ್ಯಾಸದ ಮೊದಲ ಖಣ ಅಂಗಡಿಗೆ ಹೋಗುವುದಿಲ್ಲ, ಮನೆಮಗಳ ಉಡಿಗೆ ಹೋಗುತ್ತದೆ. ಅಕ್ಕಿ, ಕೊಬ್ಬರಿ, ಅರಿಸಿನ ಕೊಂಬು, ಎಲೆ ಅಡಿಕೆ, ಅವುಗಳ ಮೇಲೆ ಮಡಿಸಿಟ್ಟ ಖಣ. ತವರಿಂದ ಹೊರಟವಳ ಸೆರಗಿನಲ್ಲಿ ಅದನ್ನು ತುಂಬಿ ಕಳಿಸುತ್ತೇವೆ. ಉಡಿಗೆ ಹೋದ ಖಣವನ್ನು ಯಾರೂ ವಾಪಸ್ ಕೇಳುವುದಿಲ್ಲ, ಸರಿಯಿದೆಯೇ ಎಂದು ಆರು ತಿಂಗಳಿಗೊಮ್ಮೆ ಮಗ್ಗಕ್ಕೆ ತಂದು ಪರೀಕ್ಷಿಸುವುದೂ ಇಲ್ಲ. ಮಾರಿದ ಖಣಕ್ಕೆಲ್ಲ ಆ ಪರೀಕ್ಷೆ ಕಡ್ಡಾಯ, ಉಡಿಯ ಖಣಕ್ಕೆ ಮಾತ್ರ ಇಲ್ಲ. ಕೊಟ್ಟದ್ದನ್ನು ಶಂಕಿಸಿದಂತೆ ಆಗುತ್ತದೆ ಎಂದು. ಆ ಖಣವನ್ನು ನಾನೇ ಕಾಶಿಯ ಉಡಿಯಲ್ಲಿ ಇಟ್ಟೆ.

ಪಂಚಮಿಗೆ ಅವಳು ತವರಿಗೆ ಬಂದಳು. ಬಾಗಿಲಲ್ಲಿ ನಿಂತಾಗ ಆ ಕುಪ್ಪಸವನ್ನೇ ತೊಟ್ಟಿದ್ದಳು. ಹಬ್ಬಕ್ಕೆ ಅಕ್ಕನ ಖಣ ತೊಡದೆ ಇನ್ನೇನು ತೊಡಲಿ ಎಂದಳು. ಎಷ್ಟು ಚೆಂದ ಕಾಣುತ್ತಿತ್ತು ಗೊತ್ತೇ? ತೋಳು ಗರಿಗರಿಯಾಗಿ ನಿಂತಿತ್ತು, ಒಂದು ಸುಕ್ಕಿಲ್ಲ. ನಾನು ಆ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದೆ. ಹೊಸದಕ್ಕಿಂತ ಹೊಸದಾಗಿ ಇಟ್ಟಿದ್ದೀ ಎಂದು ಹೊಗಳಿದೆ. ಈ ವಾಕ್ಯದ ಮೇಲೆ ಕೂಟದವರು ಗೆರೆ ಎಳೆಯಲಿಲ್ಲ, ಎಳೆದಿದ್ದರೆ ಚೆನ್ನಾಗಿತ್ತು.

ಎರಡನೆಯ ದಿನ ಉಂಡಿ ಕಟ್ಟುತ್ತ ಕೂತಾಗ ಅವಳು ಮೆಲ್ಲಗೆ ಹೇಳಿದಳು. "ಅಕ್ಕಾ, ಎಡಗಡೆ ಎದ್ಯಾಗ ಕೈಗೆ ಏನೋ ಹತ್ತತೈತಿ ನೋಡು. ಹುಣಸಿಬೀಜ ಇದ್ದಂಗೈತಿ. ಖಣ ನೋಡಿದ್ರ ನಿಚ್ಚಳ ಅನ್ನಾಕತ್ತೈತಿ." ನನ್ನ ಕೈತುಂಬ ಎಳ್ಳುಬೆಲ್ಲ ಅಂಟಿತ್ತು. ಕೈ ತೊಳೆದುಕೊಂಡು ಮುಟ್ಟಿ ನೋಡಬಹುದಿತ್ತು, ನೀರಿನ ಹಂಡೆ ಎರಡು ಮಾರು ದೂರವಿತ್ತು. ನಾನು ಏಳಲಿಲ್ಲ. "ಎಳ್ಳಿನಷ್ಟಿದ್ರೂ ಹಿಡಿತೈತಿ ಅದು, ಹುಣಸಿಬೀಜ ಬಿಡತೈತೇನು? ಸುಮ್ಮ ಇಲ್ಲದ್ದು ತಲ್ಯಾಗ ತುಂಬಕೋಬ್ಯಾಡ" ಎಂದೆ. ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ ಮುಖ ಅರಳಿಬಿಟ್ಟಿತು. "ಮತ್ತ, ನೀ ನೇದದ್ದು ಸುಳ್ಳು ಹೇಳತೈತೇನು? ನಂದ ಕೈ ದಡ್ಡಾಗೇತಿ ಬಿಡು" ಎಂದು ನಕ್ಕು, ಉಂಡಿ ಎಷ್ಟಾದವು ಎಂದು ಎಣಿಸತೊಡಗಿದಳು.

ಭಾದ್ರಪದದಲ್ಲಿ ನಿಚ್ಚಳ. ಮಹಾನವಮಿಯ ತಿಂಗಳು ನಿಚ್ಚಳ. ದೀಪಾವಳಿ ಹೊತ್ತಿಗೆ ಚರ್ಮ ಒಳಕ್ಕೆ ಎಳೆದುಕೊಂಡಿತ್ತು, ಕನ್ನಡಿಯಲ್ಲೇ ಕಾಣುತ್ತಿತ್ತು, ಆಗಲೂ ಪಾಟಿ ನಿಚ್ಚಳ ಎಂದಿತು. ಅವಳ ಗಂಡ ಬಸಲಿಂಗ ಖಣದ ಮಾತು ಕೇಳದೆ ಗಾಡಿ ಹೂಡಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರಮ್ಮ ಎರಡು ಬೆರಳಿಟ್ಟು ನೋಡಿ, ಕಂಕುಳ ಮುಟ್ಟಿ ನೋಡಿದರಂತೆ. ಆಮೇಲೆ ತಿಂಗಳಿಗೊಮ್ಮೆ ನೋಡಿಕೊಳ್ಳುತ್ತಿರಲಿಲ್ಲವೇ ಎಂದು ಕೇಳಿದರಂತೆ. ಒಂದು ತಿಂಗಳೂ ತಪ್ಪಿಸಿಲ್ಲ ಎಂದಳಂತೆ ಕಾಶಿ. ಅಷ್ಟು ಹೊತ್ತಿಗೆ ಅದು ಎಲುಬಿಗೆ ಇಳಿದಿತ್ತು.

ನಾನು ಮೊದಲ ಬಾರಿಗೆ ಪದ್ಧತಿ ಮುರಿದು ಉಡಿಯ ಖಣವನ್ನು ವಾಪಸ್ ಕೇಳಿದೆ. ಮಗ್ಗದ ಮನೆಗೆ ತಂದು ಹುಸಿಮೈಗೆ ತೊಡಿಸಿದೆ. ಗಂಟು ಎಳ್ಳಿನಷ್ಟಿದ್ದಾಗ ಕಾಣಲಿಲ್ಲ. ಕಡಲೆಯಷ್ಟಿದ್ದಾಗಲೂ ಇಲ್ಲ. ನಿಂಬೆಹಣ್ಣಿನಷ್ಟು ದೊಡ್ಡದು ಇಟ್ಟೆ, ಪಾಟಿ ನಿಚ್ಚಳ ಎಂದಿತು. ಎಲ್ಲೋ ಎಳೆ ಕಡಿದಿರಬೇಕೆಂದು ಭೂತಗನ್ನಡಿ ಹಿಡಿದು ಒಂದೊಂದೇ ಉಂಗುರ ನೋಡಿದೆ, ಎರಡು ದಿನ ಹಿಡಿಯಿತು. ಒಂದೂ ಕಡಿದಿರಲಿಲ್ಲ. ಕೊನೆಗೆ ಏನೂ ತೋಚದೆ ಬೆಚ್ಚಗಿನ ನೀರಲ್ಲಿ ಅದ್ದಿದೆ. ನೀರು ಹಾಲಿನಂತೆ ಬೆಳ್ಳಗಾಯಿತು.

ಗಂಜಿ. ಕಾಶಿ ಪ್ರತಿ ಸಲ ತೊಳೆದಾಗಲೂ ಅಕ್ಕಿ ಗಂಜಿ ಹಾಕಿ, ಮಡಿಕೆ ಮಾಡಿ, ದಿಂಬಿನ ಕೆಳಗೆ ಇಟ್ಟು ಗರಿಗರಿ ಮಾಡುತ್ತಿದ್ದಳು. ತವರಿನ ಖಣವೆಂದು ಬೇರೆ ಬಟ್ಟೆಗಿಂತ ಗಟ್ಟಿಯಾಗಿಯೇ ಹಾಕುತ್ತಿದ್ದಳು. ಉಂಗುರದ ಆ ಬಿರುಕಿನಲ್ಲಿ ಗಾಳಿ ಇರಬೇಕು. ಅಲ್ಲಿ ಗಂಜಿ ತುಂಬಿದರೆ ಉಂಗುರದ ಶ್ರುತಿ ಇಳಿಯುತ್ತದೆ. ಮೈಬೆವರು ತಾಗಿ ಆ ಗಂಜಿ ಒದ್ದೆಯಾದರಂತೂ ಅಲೆ ಬಟ್ಟೆಯೊಳಗೇ ಇಂಗಿ ಹೋಗುತ್ತದೆ, ಮೈಯೊಳಗೆ ಹೋಗುವುದೇ ಇಲ್ಲ. ಒಳಗೆ ಹೋಗದಿದ್ದ ಮೇಲೆ ಮರಳಿ ಬರುವುದೇನು? ಪಾಟಿಗೆ ಏನೂ ಬರಲಿಲ್ಲ. ಏನೂ ಬರಲಿಲ್ಲವೆಂದರೆ ಏನೂ ಇಲ್ಲವೆಂದೇ ಅರ್ಥ ಮಾಡಿಕೊಳ್ಳಲು ನಾನು ಅದಕ್ಕೆ ಕಲಿಸಿದ್ದೆ. ಮೂರು ನೀರಲ್ಲಿ ತೊಳೆದು ಒಣಗಿಸಿ ಮತ್ತೆ ಹುಸಿಮೈಗೆ ತೊಡಿಸಿದಾಗ ಎಳ್ಳಿನಷ್ಟು ಗಂಟನ್ನು ಅದು ಮೊದಲ ಸಲಕ್ಕೇ ಹಿಡಿಯಿತು.

ನನಗೆ ಗೊತ್ತಿರಲಿಲ್ಲ ಎಂದು ಬರೆಯುವ ಹಾಗಿಲ್ಲ, ಹಿಂದಿನ ಎರಡು ಪತ್ರಗಳಲ್ಲೂ ಆ ವಾಕ್ಯಕ್ಕೆ ಗೆರೆ ಬಿದ್ದಿದೆ. ನಾವು ನೇಕಾರರು. ಹಾಸುನೂಲಿಗೆ ಗಂಜಿ ಹಚ್ಚದೆ ಮಗ್ಗಕ್ಕೆ ಏರಿಸುವುದೇ ಇಲ್ಲ. ನೇಯ್ದಾದ ಮೇಲೆ ಪರೀಕ್ಷೆಗೆ ಮುಂಚೆ ಆ ಗಂಜಿ ಹೋಗಲೆಂದೇ ಮೂರು ನೀರಲ್ಲಿ ತೊಳೆಯುತ್ತೇವೆ. ಗಂಜಿ ಇದ್ದರೆ ಖಣ ಕುರುಡಾಗುತ್ತದೆ ಎಂಬುದು ನಮ್ಮ ಮಗ್ಗದ ಮನೆಯಲ್ಲಿ ನೆಲ ಗುಡಿಸುವವರಿಗೂ ಗೊತ್ತು. ಅಷ್ಟು ಗೊತ್ತಿದ್ದ ಮಾತಾದ್ದರಿಂದ ಯಾರೂ ಅದನ್ನು ಹೊರಗೆ ಹೇಳಲಿಲ್ಲ. ಖಣದ ಜೊತೆಗಿನ ಚೀಟಿಯಲ್ಲಿ ತಣ್ಣೀರಲ್ಲಿ ತೊಳೆಯಿರಿ, ನೆರಳಲ್ಲಿ ಒಣಗಿಸಿರಿ ಎಂದು ನಾನೇ ಬರೆದಿದ್ದೆ. ಮಾರಿದ ಖಣಗಳಿಗೂ ಹೆಂಗಸರು ಗಂಜಿ ಹಾಕುತ್ತಿದ್ದರೋ ಏನೋ, ಆರು ತಿಂಗಳ ಪರೀಕ್ಷೆಗೆ ಬಂದಾಗ ನಾವು ಮೊದಲು ಮೂರು ನೀರಲ್ಲಿ ತೊಳೆದು ಆಮೇಲೆ ನೋಡುತ್ತಿದ್ದೆವು. ಯಾವಾಗಲೂ ಸರಿಯಿರುತ್ತಿತ್ತು. ಈಗ ಆ ಮನೆಗಳಿಗೆಲ್ಲ ಒಂದೊಂದಾಗಿ ಹೋಗಿ ಕೇಳಿ ಬರುತ್ತಿದ್ದೇನೆ.

ಇದಕ್ಕಿಂತ ದೊಡ್ಡ ತಪ್ಪನ್ನು ಇನ್ನು ಬರೆಯುತ್ತೇನೆ. ಸಂಕ್ರಾಂತಿಯ ಮರುದಿನ ಕಾಶಿಯ ಹಾಸಿಗೆಯ ಬಳಿ ಕೂತು ಕಾರಣ ಹೇಳಿದೆ. ಅವಳಿಂದ ಮುಚ್ಚಿಡಬಾರದು ಎಂದುಕೊಂಡಿದ್ದೆ. ನಾನು ಹೇಳಬೇಕಾಗಿದ್ದದ್ದು ಇಷ್ಟೇ: ಗಂಜಿ ಹಾಕಬಾರದೆಂದು ನಾನು ನಿನಗೆ ಹೇಳಲಿಲ್ಲ. ಬಾಯಿಂದ ಬಂದದ್ದು, "ನೀ ಗಂಜಿ ಹಾಕಿದ್ದಿ ಕಾಶಿ" ಎಂದು. ಒಂದೇ ಸಂಗತಿ, ಎರಡು ರೀತಿಯಲ್ಲಿ ಹೇಳಬಹುದು, ಒಂದು ವರ್ಷದಿಂದ ತಲೆ ಚಚ್ಚಿಕೊಂಡರೂ ನಾನು ಆ ರೀತಿಯನ್ನೇ ಯಾಕೆ ಆರಿಸಿಕೊಂಡೆ ಎಂದು ತಿಳಿಯುತ್ತಿಲ್ಲ. ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು. ಆಮೇಲೆ, "ಹಂಗಾರ ನಾನ ಮಾಡಿಕೊಂಡೆನಲ್ಲ ಅಕ್ಕಾ, ನನ್ನ ಕೈಲೆ" ಎಂದಳು. ಮತ್ತೆ, "ನಿನ್ನ ಹೊಸ ಖಣದ ಹೆಸರೂ ಕೆಡಿಸಿಬಿಟ್ಟೆ" ಎಂದಳು.

ಅಲ್ಲ ಎಂದೆ. ನೂರು ಸಲ ಎಂದೆ. ತಪ್ಪು ನನ್ನದು, ಚೀಟಿ ಬರೆದವಳು ನಾನು, ಪಂಚಮಿಯ ದಿನ ಕೈ ತೊಳೆದುಕೊಳ್ಳದೆ ಕೂತವಳು ನಾನು ಎಂದೆ. ಹೂಂ ಎನ್ನುತ್ತಿದ್ದಳು, ನನ್ನನ್ನು ಸಮಾಧಾನ ಮಾಡುವವಳ ಹಾಗೆ. ಆದರೆ ನೋಡಲು ಬಂದ ಹೆಂಗಸರಿಗೆಲ್ಲ ಅವಳು ಹೇಳುತ್ತಿದ್ದದ್ದು ಒಂದೇ ಮಾತು: ಅಕ್ಕ ಎಷ್ಟು ಕಷ್ಟಪಟ್ಟು ನೇಯ್ದಿದ್ದಳು, ನಾನು ಶಾಣ್ಯಾತನ ಮಾಡಲು ಹೋಗಿ ಹಾಳು ಮಾಡಿದೆ. ಕಾರಹುಣ್ಣಿಮೆಗೆ ನಾಲ್ಕು ದಿನ ಮುಂಚೆ ಅವಳು ಹೋದಳು, ಮೂವತ್ತೆಂಟು ವರ್ಷ. ತಪ್ಪು ತನ್ನದೆಂದು ನಂಬಿಕೊಂಡೇ ಹೋದಳು. ರೋಗವನ್ನು ಹಿಡಿಯದೆ ಬಿಟ್ಟದ್ದು ನನ್ನ ಖಣ. ಈ ಹೊರೆಯನ್ನು ಅವಳ ಎದೆಯ ಮೇಲೆ ಇಟ್ಟವಳು ನಾನು. ಅದನ್ನು ತೆಗೆಯಲು ನನ್ನಿಂದ ಆಗಲಿಲ್ಲ, ಇನ್ನು ಆಗುವುದೂ ಇಲ್ಲ.

ಈಗ ನಮ್ಮ ಪಾಟಿಗಳಿಗೆ ಮೂರನೆಯ ಮಾತೊಂದನ್ನು ಕಲಿಸಿದ್ದೇನೆ. ಅಲೆ ಮೈಯೊಳಗೆ ಹೋಗಿ ಬರದಿದ್ದರೆ ಅದು "ನನಗೆ ಕಾಣಲಿಲ್ಲ" ಎನ್ನುತ್ತದೆ. ಲೆಕ್ಕದಲ್ಲಿ ಅದೇನು ಮಹಾ ಕೆಲಸವಲ್ಲ, ಎರಡು ವಾರದಲ್ಲಿ ಮುಗಿಯಿತು. ಆರು ವರ್ಷ ಎಳ್ಳಿನ ಹಿಂದೆ ಬಿದ್ದಿದ್ದ ನನಗೆ ಆ ಎರಡು ವಾರ ಸಿಕ್ಕಿರಲಿಲ್ಲ. ಮೊನ್ನೆ ಪಕ್ಕದ ಓಣಿಯ ನಾಗರತ್ನಕ್ಕ ಸಿಟ್ಟಿನಿಂದ ಬಂದು ಕುಪ್ಪಸವನ್ನು ನನ್ನ ಮಗ್ಗದ ಮೇಲೆ ಎಸೆದಳು. "ಕಾಣಲಿಲ್ಲ ಅಂತ ಹೇಳಾಕ ಇದ್ಯಾಕ ಬೇಕವ್ವಾ, ಅದನ್ನ ನಾನ ಹೇಳತಿದ್ದೆ" ಎಂದಳು. ನಾನು ಎದ್ದೆ. ಕೈ ತೊಳೆದುಕೊಂಡು ಬಂದು, ಅವಳನ್ನು ಒಳಗೆ ಕೂರಿಸಿ, ಬೆರಳಿಂದ ನೋಡಿದೆ. ಏನೂ ಇರಲಿಲ್ಲ. ನನಗೇ ಅಳು ಬಂತು, ಅವಳು ಗಾಬರಿಯಾಗಿ ನನಗೆ ನೀರು ಕೊಟ್ಟಳು.

ಹಿರಿಯರೇ, ನಿಮ್ಮ ಕಾಲದ ಕಾಗದಗಳನ್ನು ಓದಿದ್ದೇನೆ. ಯಾವ ಆಕಾರದ ಉಂಗುರ, ಎಷ್ಟು ಅಗಲದ ಬಿರುಕು, ಎಷ್ಟು ಗಿಗಾಹರ್ಟ್ಸ್, ಹುಸಿಮೈಯಲ್ಲಿ ಎಷ್ಟು ಸಣ್ಣ ಗಂಟು ಸಿಕ್ಕಿತು, ಎಲ್ಲ ಚೊಕ್ಕವಾಗಿ ಬರೆದಿದ್ದೀರಿ. ನಿಮ್ಮ ಹುಸಿಮೈ ಬೆವರುವುದಿಲ್ಲ. ಅದಕ್ಕೆ ತವರಿಲ್ಲ, ಹಬ್ಬವಿಲ್ಲ, ಅಕ್ಕ ಕೊಟ್ಟದ್ದನ್ನು ಚೆಂದವಾಗಿ ಇಟ್ಟುಕೊಳ್ಳಬೇಕೆಂಬ ಆಸೆಯಿಲ್ಲ. ನನ್ನದೊಂದು ಕೋರಿಕೆಯಿದೆ. ನಿಮ್ಮ ಪ್ರಯೋಗದ ಕೋಣೆಗೆ ಹೆಂಗಸರನ್ನು ಕರೆಯಿರಿ. ಹೇಗೆ ತೊಳೆಯುತ್ತೀರಿ, ಎಲ್ಲಿ ಮಡಿಸಿಡುತ್ತೀರಿ, ಮೈಗೆ ಏನು ಹಚ್ಚಿಕೊಳ್ಳುತ್ತೀರಿ ಎಂದು ಕೇಳಿರಿ, ದಡ್ಡ ಪ್ರಶ್ನೆ ಎಂದು ನಾಚಬೇಡಿ. ಮತ್ತೆ, ಒಬ್ಬಳು ಬಂದು ನಿಮ್ಮ ಯಂತ್ರ ಇಲ್ಲವೆಂದದ್ದನ್ನು ತನ್ನ ಕೈ ಇದೆ ಎನ್ನುತ್ತಿದೆ ಎಂದರೆ, ಹಿಡಿದ ಕೆಲಸ ಬಿಟ್ಟು ಎದ್ದು ನೋಡಿರಿ.

ತಪ್ಪೋಲೆಯನ್ನು ಮುಂದಿನವರಿಗೆ ಬರೆಯಬೇಕು ಎಂಬುದು ರೂಢಿ. ಕೂಟದವರು ಅದನ್ನು ಕಾಪಾಡಿಡುತ್ತಾರೆ, ಮುಂದೆ ಮಗ್ಗ ಹಿಡಿಯುವವರು ಓದುತ್ತಾರೆ, ತಲುಪುವುದು ಖಂಡಿತ. ನಾನು ಹಿಂದಿನವರಿಗೆ ಬರೆಯುತ್ತೇನೆ ಎಂದಾಗ ಕೂಟದ ಹಿರಿಯಳು ಕೇಳಿದಳು, "ಹಿಂದಕ್ಕ ಬರದ್ರ ಯಾರಿಗೆ ಮುಟ್ಟತೈತಿ ಬನಕ್ಕಾ?" ಯಾರಿಗೂ ಮುಟ್ಟುವುದಿಲ್ಲ, ಅಷ್ಟು ಬುದ್ಧಿ ನನಗೂ ಇದೆ. ಆದರೆ ಮುಂದಿನ ಕಾಲ ಎಷ್ಟೇ ದೂರ ಹೋಗಲಿ, ಅಲ್ಲೆಲ್ಲ ಕಾಶಿ ಸತ್ತಿರುತ್ತಾಳೆ. ನೀವಿರುವ ಕಡೆ ಅವಳಿನ್ನೂ ಸತ್ತಿಲ್ಲ.

ಇಂತಿ,
ಕಾಶಿಯ ಅಕ್ಕ